ಬೆನ್ನ ಹಿಂದಿನ ಚೆಂಡು

ಸರೋಜ ಹಿಂದಕ್ಕೆ ತಿರುಗಿ ನೋಡುತ್ತಿರಲಿಲ್ಲ. ಗಂಡಸಿಯ ಬಸ್‌ಸ್ಟಾಂಡಿನಲ್ಲಿ ಯಾರಾದರೂ ಹಿಂದಿನಿಂದ ಅವಳ ಹೆಸರು ಕೂಗಿದರೆ, ನಡೆಯುತ್ತಿದ್ದವಳು ನಿಲ್ಲುತ್ತಿದ್ದಳು, ಅಷ್ಟೇ. ಕತ್ತು ಅಲುಗುತ್ತಿರಲಿಲ್ಲ. ಕೂಗಿದವರು ಸುತ್ತಿಕೊಂಡು ಎದುರಿಗೆ ಬರುವತನಕ ಕಂಬದ ಹಾಗೆ ನಿಂತಿರುತ್ತಿದ್ದಳು. ಗೊತ್ತಿಲ್ಲದವರು ಜಂಬ ಎಂದುಕೊಳ್ಳುತ್ತಿದ್ದರು. ನಾನು ಸದ್ದಿಲ್ಲದೆ ಹೋಗಿ ಅವಳ ಹಿಂದೆ ನಿಂತರೂ ಒಂದು ಗಳಿಗೆ ಬಿಟ್ಟು, "ಯಶೋದಾ, ಚಪ್ಪಲಿ ಹೊಸದೇನೆ?" ಎಂದು ಮುಂದೆ ನೋಡಿಕೊಂಡೇ ಕೇಳುತ್ತಿದ್ದಳು. ಚಪ್ಪಲಿ ಹೊಸದೇ ಆಗಿರುತ್ತಿತ್ತು.

ಈ ಅಭ್ಯಾಸ ಅವಳಿಗೆ ಬಂದದ್ದು ವಾಲಿಬಾಲಿನಿಂದ. ತೊಂಬತ್ತರ ದಶಕದ ನಡುವಿನಲ್ಲಿ ನಮ್ಮ ಗಂಡಸಿಯ ಜೂನಿಯರ್ ಕಾಲೇಜಿನಲ್ಲಿ ಹುಡುಗಿಯರ ತಂಡವೊಂದಿತ್ತು. ಅದನ್ನು ಕಟ್ಟಿದವರು ಪಿ.ಟಿ. ಮೇಷ್ಟ್ರು ತಿಮ್ಮೇಗೌಡರು. ಸರೋಜ ಆ ತಂಡದ ಲಿಫ್ಟರ್. ಆಟ ನೋಡದವರಿಗೆ ಹೇಳುವುದಾದರೆ, ಚೆಂಡನ್ನು ಬಲೆಯಾಚೆ ಬಡಿಯುವವರು ಬೇರೆ, ಅವರಿಗೆ ಬೇಕಾದ ಎತ್ತರಕ್ಕೆ, ಬೇಕಾದ ಜಾಗಕ್ಕೆ ಬೆರಳ ತುದಿಯಿಂದ ಎತ್ತಿಕೊಡುವವಳು ಬೇರೆ. ಚಪ್ಪಾಳೆ ಬೀಳುವುದು ಬಡಿದವರಿಗೆ. ಆದರೆ ಯಾರು ಬಡಿಯಬೇಕು ಎಂದು ತೀರ್ಮಾನಿಸುವವಳು ಲಿಫ್ಟರ್. "ಹೊಡೆಯೋರು ಊರಿಗೆ ಹತ್ತು ಜನ ಸಿಕ್ತಾರೆ ಕಣ್ರಮ್ಮಿ. ಎತ್ತಿಕೊಡೋಳು ತಾಲ್ಲೂಕಿಗೆ ಒಬ್ಬಳು ಸಿಕ್ಕಿದ್ರೆ ಪುಣ್ಯ" ಎನ್ನುತ್ತಿದ್ದರು ಮೇಷ್ಟ್ರು.

ಸರೋಜ ಬಲೆಯ ಪಕ್ಕ ಎಡಕ್ಕೆ ಮುಖ ಮಾಡಿ ನಿಲ್ಲುತ್ತಿದ್ದಳು. ಎದುರಿಗಿರುವವರಿಗೆ ಎತ್ತಿಕೊಡುವುದು ಎಲ್ಲರಿಗೂ ಬರುತ್ತದೆ. ಅವಳ ಹೆಚ್ಚುಗಾರಿಕೆ ಇದ್ದದ್ದು ತಲೆಯ ಮೇಲಿನಿಂದ ಹಿಂದಕ್ಕೆ ಹಾಕುವುದರಲ್ಲಿ. ಅವಳ ಬೆನ್ನ ಹಿಂದೆ, ಬಲಗಡೆ ಬಲೆಯ ಗೂಟದ ಹತ್ತಿರ, ಜಯಂತಿ ಇರುತ್ತಿದ್ದಳು. ಜಯಂತಿ ಎಡಚಿ. ಆ ಜಾಗದಿಂದ ಎಡಗೈಯವಳು ಹೊಡೆದರೆ ಎದುರಾಳಿಗೆ ಚೆಂಡು ಎಲ್ಲಿ ಬರುತ್ತದೆಂದು ಗೊತ್ತಾಗುವುದಿಲ್ಲ. ಆದರೆ ಸರೋಜ ಹಿಂದಕ್ಕೆ ತಿರುಗಿ ನೋಡಿದರೆ ಗುಟ್ಟು ಬಯಲಾಗುತ್ತದೆ. ಅದಕ್ಕೇ ಮೇಷ್ಟ್ರು ಅವಳಿಗೆ ಕತ್ತು ತಿರುಗಿಸಬಾರದು ಎಂದು ಕಟ್ಟಪ್ಪಣೆ ಮಾಡಿದ್ದರು. ತಿರುಗಿದಾಗಲೆಲ್ಲ ಮೈದಾನ ಒಂದು ಸುತ್ತು ಓಡಬೇಕು. ನೋಡದೆ ಹಾಕುವುದು ಹೇಗೆ? ಅದಕ್ಕೆ ಅವರು ಒಂದು ಉಪಾಯ ಕಲಿಸಿದರು. ಬೇರೆ ಊರಿನವರ ಹಾಗೆ 'ಕೊಡು, ಹಾಕು' ಎಂದು ಕಿರುಚಬಾರದು. ನೆಗೆಯಲು ಸಿದ್ಧವಾದವಳು, ಮನೆಯಲ್ಲಿ ಅಮ್ಮ ಕರೆದರೆ ಅನ್ನುತ್ತೇವಲ್ಲ, ಹಾಗೆ ಮೆಲ್ಲಗೆ 'ಓ' ಅನ್ನಬೇಕು. ಆ ಓ ಎಲ್ಲಿಂದ ಬಂತೋ ಅಲ್ಲಿಗೆ ಚೆಂಡು.

ಸರೋಜಳ ಅಜ್ಜಿಗೆ ಇದು ಇಷ್ಟವಿರಲಿಲ್ಲ. ನಮ್ಮ ಕಡೆ ಹೊತ್ತು ಮುಳುಗುವಾಗ ಯಾರಾದರೂ ಕರೆದರೆ ಮೊದಲ ಕೂಗಿಗೆ ಓಗೊಡಬಾರದು ಎನ್ನುತ್ತಾರೆ. ಮೂರು ಸಲ ಕರೆದರೆ ಮನುಷ್ಯರು, ಒಂದೇ ಸಲ ಕರೆದರೆ ಬೇರೆ. "ನಿಮ್ಮ ಮೇಷ್ಟ್ರು ಯಾರೂ ಕರೀದೇನೆ ಓ ಅನ್ನೋದು ಕಲಿಸವ್ನಲ್ಲೇ. ಒಳ್ಳೇದಲ್ಲ" ಎಂದು ಅಜ್ಜಿ ಗೊಣಗುತ್ತಿತ್ತು. ಸರೋಜಳ ಅಪ್ಪ ಅರಸೀಕೆರೆಯ ಕಚೇರಿಯೊಂದರಲ್ಲಿ ಗುಮಾಸ್ತರು. ಅವರದು ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚುವ ಮನೆ. ಅವರು, "ಅವ್ವಾ, ದೆವ್ವ ಗಿವ್ವ ಮಾತು ನಮ್ಮನೇಲಿ ಬ್ಯಾಡ" ಎಂದು ಗದರುತ್ತಿದ್ದರು. ಸರೋಜ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಮುದ್ದೆ ಕಟ್ಟುತ್ತಿದ್ದಳು. ಮುದ್ದೆಯನ್ನೂ ಮೇಲಕ್ಕೆ ಹಾರಿಸಿ ಹತ್ತು ಬೆರಳ ತುದಿಯಲ್ಲಿ ಹಿಡಿಯುತ್ತಿದ್ದಳು. ಬಿಸಿಯ ಪರಿವೆಯೇ ಇಲ್ಲ. "ಅನ್ನ ಆಟದ ಸಾಮಾನಲ್ಲ ಕಣೇ" ಎಂದು ಅವಳ ಅಮ್ಮ ಬೈದರೆ, "ಒಂದಾದ್ರೂ ನೆಲಕ್ಕೆ ಬಿದ್ದೈತೇನವ್ವ?" ಎನ್ನುತ್ತಿದ್ದಳು.

ನಾವು ಸೆಕೆಂಡ್ ಪಿಯುಸಿಗೆ ಬಂದಾಗ ಮೈಸೂರಿನ ಒಂದು ಕಾಲೇಜಿನ ಮಾತು ಶುರುವಾಯಿತು. ಅಲ್ಲಿ ಸೀಟು ಸಿಗುವುದು ಫಸ್ಟ್‌ಕ್ಲಾಸ್ ಬಂದವರಿಗೆ ಮಾತ್ರ. ಆದರೆ ಆಟಗಾರರಿಗೆಂದು ಕೆಲವು ಸೀಟು ತೆಗೆದಿಡುತ್ತಿದ್ದರು. ಹುಡುಗಿಯರ ವಾಲಿಬಾಲಿಗೆ ಆ ವರ್ಷ ಎರಡು. ಓದು, ಹಾಸ್ಟೆಲು, ಊಟ ಎಲ್ಲ ಅವರದೇ. ಆ ಕಾಲೇಜಿನ ಕೋಚ್ ಬೇಲೂರಿನ ಪಂದ್ಯಾವಳಿಗೆ ಬಂದು ನೋಡಿ ಆರಿಸುತ್ತಾರೆ ಎಂದು ಮೇಷ್ಟ್ರು ಹೇಳಿದರು. ಅವರಿಗೆ ಬೇಕಾಗಿರುವುದು ಒಬ್ಬಳು ಲಿಫ್ಟರ್, ಸಾಧ್ಯವಾದರೆ ಒಬ್ಬಳು ಎಡಚಿ. ನಮ್ಮನ್ನೇ ನೋಡಿ ಹೇಳಿದ ಹಾಗಿತ್ತು.

ಸರೋಜ ಓದಿನಲ್ಲಿ ಹಿಂದೆ. ಆ ಸೀಟು ಬಿಟ್ಟರೆ ಅವಳಿಗೆ ಬೇರೆ ದಾರಿ ಇರಲಿಲ್ಲ. ಕ್ಲಾಸಿನಲ್ಲಿ ಒಬ್ಬಳು, "ನಿಂಗೇನೇ ಚಿಂತೆ, ಆ ಕೋಟಾನೂ ಐತೆ, ಈ ಕೋಟಾನೂ ಐತೆ" ಎಂದು ಚುಚ್ಚಿದಳು. ಸರೋಜ ಸಿಟ್ಟಾಗಲಿಲ್ಲ. "ಐತೆ. ಅದು ನಮ್ಮೋರು ಹೊಡೆದಾಡಿ ತಂದಿದ್ದು, ಅದಕ್ಕೂ ನನ್ ಮಾರ್ಕ್ಸ್ ಸಾಲಲ್ಲ. ಇದನ್ನ ನನ್ ಕೈ ನೋಡಿ ಕೊಡ್ತಾರೆ. ನಿಂಗೂ ಬೇಕಿದ್ರೆ ಬಾ, ಎತ್ತು" ಎಂದಳು. 'ನನ್ ಕೈ ನೋಡಿ ಕೊಡಬೇಕು' ಎನ್ನುವುದು ಅವಳ ಬಾಯಲ್ಲಿ ಆ ವರ್ಷವೆಲ್ಲ ಇತ್ತು.

ಪಂದ್ಯಾವಳಿಗೆ ಮೂರು ವಾರವಿದೆ ಎನ್ನುವಾಗ ಜಯಂತಿ ಸತ್ತಳು. ನಾಲ್ಕು ದಿನದ ಜ್ವರ. ಹಾಸನಕ್ಕೆ ಕರೆದುಕೊಂಡು ಹೋಗುವಷ್ಟರಲ್ಲಿ ಮುಗಿದಿತ್ತು. ಅವರ ತೆಂಗಿನ ತೋಟದಲ್ಲೇ ಮಣ್ಣು ಮಾಡಿದರು. ನಾವು ಹನ್ನೊಂದು ಹುಡುಗಿಯರು ಸಾಲಾಗಿ ನಿಂತಿದ್ದೆವು. ಸರೋಜ ಅಳಲಿಲ್ಲ. ಎಲ್ಲರೂ ಮಣ್ಣು ಹಾಕಿ ಹೊರಟಾಗ, ತೋಟದ ಬದುವಿನ ಮೇಲೆ, ಎಂದಿನ ಹಾಗೆ ಗಕ್ಕನೆ ನಿಂತಳು. ಹಿಂದೆ ಯಾರೂ ಕರೆದಿರಲಿಲ್ಲ. ನಾನು ಅವಳ ಕೈಹಿಡಿದು ಎಳೆದುಕೊಂಡು ಬಂದೆ.

ಮತ್ತೆ ಅಭ್ಯಾಸ ಶುರು ಮಾಡಿದ ದಿನ ಜಯಂತಿಯ ಜಾಗದಲ್ಲಿ ಯಾರೂ ಇರಲಿಲ್ಲ. ನಾನು ಬದಲಿ ಆಟಗಾರ್ತಿ, ಬೆಂಚಿನ ಮೇಲೆ ಕೂತಿದ್ದೆ. ಮೇಷ್ಟ್ರು ಇನ್ನೂ ಯಾರನ್ನೂ ಆ ಜಾಗಕ್ಕೆ ಹಾಕಿರಲಿಲ್ಲ, ಅವರಿಗೂ ಮನಸ್ಸು ಬಂದಿರಲಿಲ್ಲವೋ ಏನೋ. ಆಟ ನಡೆದಿತ್ತು. ಚೆಂಡು ಸರೋಜಳ ಕೈಗೆ ಬಂತು. ಅವಳು ಬೆನ್ನು ಬಾಗಿಸಿ, ಚೆಂಡನ್ನು ತಲೆಯ ಮೇಲಿನಿಂದ ಹಿಂದಕ್ಕೆ ಹಾಕಿದಳು. ಬಹಳ ಚೆನ್ನಾಗಿತ್ತು. ಗೂಟದ ಹತ್ತಿರ, ಬೇಕಾದ ಎತ್ತರದಲ್ಲಿ, ಒಂದು ಗಳಿಗೆ ಯಾರೋ ಹಿಡಿದುಕೊಂಡಂತೆ ನಿಂತು, ಆಮೇಲೆ ದಪ್ ಎಂದು ಖಾಲಿ ಮಣ್ಣಿನ ಮೇಲೆ ಬಿತ್ತು.

ಯಾರೂ ಚೆಂಡು ತರಲು ಹೋಗಲಿಲ್ಲ. "ಯಾರಿಗೆ ಹಾಕ್ದೆ ಅಮ್ಮಿ?" ಎಂದು ಮೇಷ್ಟ್ರು ಕೇಳಿದರು.

"ಓ ಅಂದ್ಲಲ್ಲ ಸಾರ್" ಎಂದಳು ಸರೋಜ.

ಮೇಷ್ಟ್ರು ಸೀಟಿಯನ್ನು ಜೇಬಿಗೆ ಹಾಕಿಕೊಂಡು ಅವತ್ತಿನ ಆಟ ಸಾಕು ಎಂದರು. ಮಾರನೆಯ ದಿನದಿಂದ ಆ ಜಾಗಕ್ಕೆ ನನ್ನನ್ನು ನಿಲ್ಲಿಸಿದರು. ನಾನು ಓ ಅಂದರೆ ಚೆಂಡು ಬರುತ್ತಿರಲಿಲ್ಲ. ಅವಳು ಎಲ್ಲವನ್ನೂ ಎದುರಿಗಿದ್ದವರಿಗೇ ಕೊಡುತ್ತಿದ್ದಳು. "ಬೇಕೂಂತ ಮಾಡ್ತಾ ಇಲ್ಲ ಕಣೇ ಯಶಿ. ನಿನ್ ಓ ನಂಗೆ ಕೇಳಿಸೋದೇ ಇಲ್ಲ" ಎಂದು ಒಂದು ದಿನ ನನ್ನ ಕೈ ಹಿಡಿದುಕೊಂಡಳು. ಅವಳ ಬೆರಳುಗಳು ತಣ್ಣಗಿದ್ದವು.

ಇಷ್ಟರಲ್ಲಿ ಇನ್ನೊಂದು ತಪ್ಪೂ ನಡೆದಿತ್ತು. ಪಂದ್ಯಾವಳಿಗೆ ಆಟಗಾರರ ಪಟ್ಟಿಯನ್ನು ಪ್ರಿನ್ಸಿಪಾಲರ ಸಹಿ ಹಾಕಿಸಿ ಒಂದು ತಿಂಗಳ ಮೊದಲೇ ಬೇಲೂರಿಗೆ ಕಳಿಸಿದ್ದರು. ಅದರಲ್ಲಿ ಹತ್ತೇ ಹೆಸರು. ನನ್ನ ಹೆಸರಿರಲಿಲ್ಲ, ಜಯಂತಿಯ ಹೆಸರಿತ್ತು. ಪಟ್ಟಿ ತಿದ್ದಲು ಹೋದರೆ ತಂಡವನ್ನೇ ಕೈಬಿಡುತ್ತಾರೆ ಎಂದು ಮೇಷ್ಟ್ರಿಗೆ ಭಯ. ಹಳ್ಳಿ ತಂಡಗಳಲ್ಲಿ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಆಡುವುದು ಆಗ ಯಾರಿಗೂ ದೊಡ್ಡ ತಪ್ಪಾಗಿ ಕಾಣುತ್ತಿರಲಿಲ್ಲ. "ಒಂದು ದಿನದ ಮಾತು ಕಣಮ್ಮಿ. ಅವಳ ನಂಬರ್ ಬನಿಯನ್ ಹಾಕ್ಕೊ, ಹೆಸರು ಕೂಗಿದ್ರೆ ಕೈ ಎತ್ತು" ಎಂದರು. ಅವರು ಕೆಟ್ಟವರಲ್ಲ. ಸರೋಜಳ ಸೀಟು ತಪ್ಪಬಾರದು ಎನ್ನುವುದೊಂದೇ ಅವರ ತಲೆಯಲ್ಲಿತ್ತು.

ಬೇಲೂರಿನ ಮೈದಾನದಲ್ಲಿ ಅವತ್ತು ಬೆಳಿಗ್ಗೆ ಮಂಜು. ಯಗಚಿ ಹೊಳೆಯ ಕಡೆಯಿಂದ ಬಂದು ಬಲೆಯ ಅರ್ಧದವರೆಗೆ ತುಂಬಿಕೊಂಡಿತ್ತು. ಎದುರು ತಂಡದವರ ಕಾಲು ಕಾಣುತ್ತಿರಲಿಲ್ಲ. ಸ್ವೆಟರು ಹಾಕಿಕೊಂಡ ಮೈಸೂರಿನ ಕೋಚ್ ಒಬ್ಬರೇ ಕುರ್ಚಿಯಲ್ಲಿ, ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಕೂತಿದ್ದರು. ರೆಫರಿ ಹೆಸರು ಕೂಗತೊಡಗಿದರು.

"ಕೆ. ಜಯಂತಿ."

ನಾನು ಅವಳ ಬನಿಯನ್ನಿನ ಅಂಚು ಹಿಡಿದು ನಿಂತಿದ್ದೆ.

"ಕೆ. ಜಯಂತಿ ಇದಾರೇನ್ರೀ?"

ಸರೋಜ ನನ್ನ ಮುಂದೆ ನಿಂತಿದ್ದಳು. ಅವಳ ಕತ್ತಿನ ಹಿಂಭಾಗದ ಕೂದಲು ಎದ್ದು ನಿಂತಿದ್ದು ನನಗೆ ಕಂಡಿತು. ಮೂರನೆಯ ಸಲ ಕೂಗಿದಾಗ ನಾನು ಕೈ ಎತ್ತಿದೆ.

ಮೊದಲ ಸೆಟ್ ಸೋತೆವು. ಸರೋಜ ಒಂದು ಸಲವೂ ಹಿಂದಕ್ಕೆ ಹಾಕಲಿಲ್ಲ. ಎದುರಾಳಿಗಳಿಗೆ ಅದು ಬೇಗ ತಿಳಿದು, ಎಡಗಡೆಯೇ ಗೋಡೆ ಕಟ್ಟಿದ ಹಾಗೆ ನಿಂತರು. ಎರಡನೆಯ ಸೆಟ್ಟನ್ನು ಹೇಗೋ ಎಳೆದಾಡಿ ಗೆದ್ದೆವು, ಅವರ ತಪ್ಪುಗಳಿಂದಲೇ. ಮೂರನೆಯದರಲ್ಲಿ ಮತ್ತೆ ಹಿಂದೆ ಬಿದ್ದೆವು. ಕೋಚ್ ಪುಸ್ತಕ ಮುಚ್ಚಿ, ಕುರ್ಚಿಯ ಕೆಳಗಿನ ಚೀಲ ಹುಡುಕುವುದು ಕಾಣಿಸಿತು. ಸರೋಜಳಿಗೂ ಕಂಡಿತು.

ಆಗ ನಾನು ಮಾಡಿದ್ದನ್ನು ಯೋಚಿಸಿ ಮಾಡಲಿಲ್ಲ. ಜಯಂತಿಯ ದನಿ ದಪ್ಪ. ಓ ಎನ್ನುವಾಗ ಎದೆಯಿಂದ ಎಳೆದು, ಕೊನೆಗೆ ಸ್ವಲ್ಪ ಮೂಗಿಗೆ ಬಿಡುತ್ತಿದ್ದಳು. ನಾವು ಅವಳನ್ನು ಅಣಕಿಸುತ್ತಿದ್ದೆವು, ನನಗೆ ಅದು ಚೆನ್ನಾಗಿ ಬರುತ್ತಿತ್ತು. ಅವಳು ನಿಲ್ಲುತ್ತಿದ್ದ ಹಾಗೇ ಗೂಟದ ಕಡೆಗೆ ಅರ್ಧ ಹೆಜ್ಜೆ ಸರಿದು ನಿಂತು ನಾನು ಅವಳ ಓ ಅಂದೆ.

ಚೆಂಡು ಬಂತು. ಅಂಥ ಚೆಂಡು ನನಗೆ ಯಾರೂ ಎತ್ತಿಕೊಟ್ಟಿರಲಿಲ್ಲ. ಎಡಚಿಗೆ ಹಾಕಿದ್ದು, ನನ್ನ ಎಡಭುಜದ ಮೇಲೆ ಬಂತು. ಮೈ ತಿರುಚಿ ಬಲಗೈಯಲ್ಲೇ ಹೊಡೆದೆ. ಆ ಕಡೆ ಯಾರೂ ಇರಲಿಲ್ಲ. ಕೋಚ್ ಚೀಲ ಕೆಳಗಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಾಗೇ ಅಂದೆ, ಮತ್ತೆ ಬಂತು, ಮತ್ತೆ ಹೊಡೆದೆ. ಎದುರಾಳಿಗಳು ಗಲಿಬಿಲಿಗೊಂಡರು. ಎಡಗಡೆಯ ಗೋಡೆ ಒಡೆಯಿತು. ನಾವು ಸರಿಸಮ ಬಂದು, ಒಂದು ಪಾಯಿಂಟು ಮುಂದೆ ಹೋದೆವು.

ಕೊನೆಯ ಪಾಯಿಂಟಿನಲ್ಲಿ ಚೆಂಡು ತಡೆಯಲು ಹೋಗಿ ನಾನು ಬಿದ್ದಿದ್ದೆ. ಮೊಣಕಾಲು ಊರಿ ಏಳುತ್ತಿದ್ದೆ, ಉಸಿರೇ ಇರಲಿಲ್ಲ. ನಾನು ಓ ಅನ್ನಲಿಲ್ಲ. ಇದನ್ನು ಮಾತ್ರ ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ನನ್ನ ಬಾಯಿ ತೆರೆದಿರಲಿಲ್ಲ. ಸರೋಜ ಬೆನ್ನು ಬಾಗಿಸಿದಳು, ಚೆಂಡು ಹಿಂದಕ್ಕೆ ಬಂತು. ಹಿಂದಿನ ಎರಡಕ್ಕಿಂತ ಚೆನ್ನಾಗಿ, ಮಂಜಿನಿಂದ ಮೇಲೆದ್ದು, ಅವಸರವೇ ಇಲ್ಲದೆ. ನಾನು ಎದ್ದು ನೆಗೆದೆ. ಮೇಲೆ ಹೋದದ್ದು ನನ್ನ ಎಡಗೈ. ನಾನು ಎಡಗೈಯಲ್ಲಿ ಲೋಟ ಹಿಡಿದರೂ ನೀರು ತುಳುಕುತ್ತದೆ.

ಚೆಂಡು ಗೆರೆಯ ಒಳಗೆ ಬಿತ್ತು. ಎಲ್ಲರೂ ಓಡಿಬಂದು ಸರೋಜಳನ್ನು ತಬ್ಬಿಕೊಂಡರು. ಅವಳು ಎಲ್ಲರ ಭುಜದ ನಡುವಿನಿಂದ ನೇರ ಮುಂದೆ ನೋಡುತ್ತಿದ್ದಳು. ತಿರುಗಲಿಲ್ಲ.

ಕೋಚ್ ಬಂದು, "ಏನ್ರೀ ತಿಮ್ಮೇಗೌಡ್ರೇ, ಕೊನೇದು ಆ ಹುಡುಗಿ ಎಲ್ಲಿಂದ ತಂದು ಹಾಕಿದ್ಲು? ಹಿಂದೆ ಯಾರೋ ಇದಾರೆ ಅಂತ ನನಗೇ ಗೊತ್ತಾಗಲಿಲ್ಲ" ಎಂದರು. ಪುಸ್ತಕ ತೆಗೆದು ಪಟ್ಟಿ ನೋಡಿ ಎರಡು ಹೆಸರು ಬರೆದುಕೊಂಡರು. ಒಂದು ಸರೋಜ. ಇನ್ನೊಂದು ಕೆ. ಜಯಂತಿ.

ನಮಗೆ ಆಗ ಅದು ಹೊಳೆಯಲಿಲ್ಲ. ಗೆದ್ದ ಸಂತೋಷದಲ್ಲಿ ಬಸ್ಸು ಹತ್ತಿದೆವು. ಪರೀಕ್ಷೆ ಮುಗಿದ ಮೇಲೆ ಕಾಲೇಜಿನ ಕಾಗದಗಳು ಮನೆಯ ವಿಳಾಸಕ್ಕೆ ಬಂದವು. ಸರೋಜಳದು ಅವರ ಮನೆಗೆ. ಇನ್ನೊಂದನ್ನು ಪೋಸ್ಟ್‌ಮ್ಯಾನ್ ಜಯಂತಿಯ ಮನೆಗೆ ಕೊಟ್ಟು ಬಂದ. ಅವಳ ಅಮ್ಮನಿಗೆ ಓದು ಬಾರದು. ಯಾರಿಂದಲೋ ಓದಿಸಿದರು. ನಿಮ್ಮ ಮಗಳನ್ನು ಆಯ್ಕೆ ಮಾಡಿದ್ದೇವೆ, ಇಂಥ ದಿನ ಕರೆದುಕೊಂಡು ಬನ್ನಿ ಎಂದಿತ್ತು. ಆ ತಾಯಿ ಕಾಗದ ಹಿಡಿದುಕೊಂಡು ನಮ್ಮ ಮನೆಯ ತನಕ ನಡೆದುಬಂದರು. "ಯಶೋದಮ್ಮ, ಇದ್ಯಾರೋ ನನ್ ಮಗೀನ ಎಲ್ಲೋ ನೋಡವ್ರೆ ಕಣವ್ವ" ಎಂದರು. ಅವರ ದನಿಯಲ್ಲಿ ದುಃಖಕ್ಕಿಂತ ಹೆಚ್ಚಾಗಿ ಆಸೆ ಇತ್ತು. ನಾನು ಅವರಿಗೆ ಕುಡಿಯಲು ನೀರು ಕೊಟ್ಟೆ.

ಮೇಷ್ಟ್ರು ನನ್ನನ್ನೂ ಸರೋಜಳನ್ನೂ ಕರೆಸಿದರು. "ತಪ್ಪು ನಂದು. ಮೈಸೂರಿಗೆ ಹೋಗಿ ನಿಜ ಹೇಳ್ತೀನಿ. ಆ ಸೀಟು ನಿಂದು ಕಣಮ್ಮಿ" ಎಂದು ನನಗೆ ಹೇಳಿದರು. ನಿಜ ಹೇಳಿದರೆ ಸುಳ್ಳು ಹೆಸರಿನಲ್ಲಿ ಆಡಿದ ತಂಡವೆಂದು ಸರೋಜಳ ಸೀಟೂ ಹೋಗುತ್ತಿತ್ತು. ಅದು ಮೂವರಿಗೂ ಗೊತ್ತಿತ್ತು. ಸರೋಜ ತಲೆ ತಗ್ಗಿಸಿ, "ಹೇಳಿಬಿಡಿ ಸಾರ್" ಎಂದಳು. ನಾನು, "ಬ್ಯಾಡಿ ಸಾರ್. ಅವರು ಆರಿಸಿದ್ದು ಎಡಚೀನ. ನಾನಲ್ಲ" ಎಂದೆ. ಅದು ತ್ಯಾಗವೇನೂ ಅಲ್ಲ, ನನಗೆ ಹಾಗೇ ಅನ್ನಿಸಿತ್ತು. ಮೇಷ್ಟ್ರು ಮೈಸೂರಿಗೆ ಹೋಗಲಿಲ್ಲ, ಎರಡನೆಯ ಸೀಟಿಗೂ ಯಾರೂ ಹೋಗಲಿಲ್ಲ. ನಾನು ಊರಿನಲ್ಲೇ ಉಳಿದು ಮುಂದೆ ಅಂಗನವಾಡಿ ಸೇರಿದೆ.

ಸರೋಜ ಮೈಸೂರಿನಲ್ಲಿ ಓದಿ, ವಿಶ್ವವಿದ್ಯಾಲಯದ ತಂಡಕ್ಕೂ ಆಡಿ, ಅರಸೀಕೆರೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರಾದಳು. ರೈಲ್ವೆಯಲ್ಲಿ ಕೆಲಸದಲ್ಲಿದ್ದವರನ್ನು ಮದುವೆಯಾದಳು. ರಜೆ ಬಂದರೆ ನನ್ನ ಅಂಗನವಾಡಿಗೆ ಬಂದು ಕೂರುತ್ತಿದ್ದಳು. ಅಳುವ ಮಗುವನ್ನು ಹತ್ತು ಬೆರಳಲ್ಲಿ ಮೇಲಕ್ಕೆ ಎತ್ತಿದರೆ ಅದು ಗಪ್‌ಚಿಪ್. "ನಿನ್ ಮಕ್ಕಳೆಲ್ಲ ಒಳ್ಳೇ ಪಾಸ್ ಕೊಡ್ತಾವೆ ಬಿಡು" ಎಂದು ನಗುತ್ತಿದ್ದಳು. ಅವಳ ಶಾಲೆಯ ತಂಡವನ್ನು ಒಮ್ಮೆ ನೋಡಿದ್ದೆ. ಆ ಹುಡುಗಿಯರು ಆಡುವಾಗ ಒಂದು ಸದ್ದೂ ಮಾಡುತ್ತಿರಲಿಲ್ಲ. ಚೆಂಡಿನ ಸದ್ದು, ಕಾಲಿನ ಸದ್ದು, ಅಷ್ಟೇ. ನೋಡುವವರಿಗೆ ಮೈ ಜುಂ ಎನ್ನುತ್ತಿತ್ತು. ಏಕೆ ಹೀಗೆ ಎಂದರೆ, "ಮಾತಾಡಿದ್ರೆ ಯಾರು ಮಾತಾಡಿದ್ರು ಅಂತ ಹುಡುಕ್ಬೇಕಾಯ್ತದೆ" ಎಂದಳು. ಬೇಲೂರಿನ ಆ ಬೆಳಗಿನ ಮಾತನ್ನು ಮಾತ್ರ ನಾವಿಬ್ಬರೂ ಹತ್ತು ವರ್ಷ ಎತ್ತಲಿಲ್ಲ.

ಅವಳಿಗೆ ಹೊಟ್ಟೆಯಲ್ಲಿ ಗೆಡ್ಡೆ ಎಂದು ತಿಳಿದಾಗ ತಡವಾಗಿತ್ತು. ಆಸ್ಪತ್ರೆಯವರು ಮನೆಗೆ ಕಳಿಸಿದ ಮೇಲೆ ಒಂದು ಮಧ್ಯಾಹ್ನ ನೋಡಲು ಹೋದೆ. ಅರಸೀಕೆರೆಯ ಅವರ ಮನೆ ಸ್ಟೇಷನ್ನಿನ ಹಿಂದೆ. ಗೂಡ್ಸ್ ಗಾಡಿ ಹೋದರೆ ಮಂಚ ಅದುರುತ್ತದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಾನು ಬಾಗಿಲಲ್ಲಿ ನಿಂತೆ.

"ಬಾರೇ ಯಶಿ" ಎಂದಳು.

ಹೋಗಿ ಎದುರಿಗೆ ಕೂತೆ. ಕೈ ಮಾತ್ರ ಮೊದಲಿನ ಹಾಗೇ ಇತ್ತು. ಮಿಕ್ಕ ಮೈಯೆಲ್ಲ ಕರಗಿಹೋಗಿತ್ತು. ನಿದ್ದೆ ಬರುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ನೋವಿಗಲ್ಲ, ನೋವಿಗೆ ಇಂಜೆಕ್ಷನ್ ಐತೆ ಎಂದಳು. ಆಮೇಲೆ, "ಒಂದು ಕೇಳ್ತೀನಿ, ನಿಜ ಹೇಳ್ತೀಯೇನೆ?" ಎಂದಳು.

"ಕೇಳು."

"ಅವತ್ತು ಬೇಲೂರಲ್ಲಿ. ಮೊದಲನೇದು, ಎರಡನೇದು ನೀನೇ ಅಂತ ನಂಗೆ ಗೊತ್ತಿತ್ತು. ಅವಳನ್ನ ಅಣಕಿಸ್ತಾ ಇದ್ದೆಯಲ್ಲ, ಹಂಗೇ ಇತ್ತು. ಗೊತ್ತಿದ್ದೇ ಹಾಕ್ದೆ. ಮೂರನೇದು..." ಉಸಿರು ಎಳೆದುಕೊಂಡಳು. "ಮೂರನೇದು ನಿನ್ನಂಗಿರಲಿಲ್ಲ ಕಣೇ. ಅದಕ್ಕೇ ಸೀಟು ಕೊಟ್ಟಿದ್ದು ಅವರು. ಕೋಚ್ ಹೇಳಿದ್ರು, ಕೊನೇ ಚೆಂಡು ನೋಡಿ ಬರ್ಕೊಂಡೆ ಅಂತ. ಅದು ಅವಳಾಗಿದ್ರೆ ಈ ಓದು, ಈ ಕೆಲಸ, ಎಲ್ಲ ನಾನು ಅವಳ ಕೈಯಿಂದ ತಗೊಂಡಂಗಾಯ್ತು. ಕೇಳಕ್ಕೆ ಬಂದ್ರೆ ಏನ್ ಹೇಳ್ಲಿ? ಈಗೀಗ ಹಿಂದೆ ಬಂದು ನಿಂತವ್ಳೆ ಅನ್ಸುತ್ತೆ. ತಿರುಗಕ್ಕೂ ಭಯ."

ಗಾಡಿ ಬಂತು. ಮಂಚ ಅದುರಿತು.

"ಮೂರೂ ನೀನೇ ತಾನೆ?" ಎಂದಳು.

ಅವಳು ನನ್ನ ಮುಖ ನೋಡುತ್ತಿರಲಿಲ್ಲ, ದನಿ ಕೇಳಲು ಕಾದಿದ್ದಳು. ಸುಳ್ಳು ಹೇಳಿದರೆ ಆ ಕಿವಿಗೆ ಗೊತ್ತಾಗುತ್ತದೆ ಎಂದು ನನಗೆ ಹೆದರಿಕೆ. ಆದರೂ ಹೇಳಿದೆ. "ಮೂರೂ ನಾನೇ ಕಣೇ. ಬಿದ್ದಿದ್ನಲ್ಲ, ಎದೆ ಒತ್ಕೊಂಡಿತ್ತು, ಅದಕ್ಕೇ ದನಿ ಹಂಗೆ ಬಂತು. ಸೀಟು ಕೊಟ್ಟಿದ್ದು ನಿನ್ ಕೈ ನೋಡಿ. ಇನ್ಯಾರ್ದೂ ಅಲ್ಲ."

"ಕಳ್ಳಿ" ಎಂದಳು. ನಕ್ಕಳು. ನಗುವಿನಲ್ಲೇ ಕಣ್ಣು ಮುಚ್ಚಿದಳು. ನಾನು ಎದ್ದು ಬರುವಾಗ ನಿದ್ದೆ ಹೋಗಿದ್ದಳು.

ಎರಡು ವಾರದ ಮೇಲೆ ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ಅಂಗಳದಲ್ಲಿ ಅವಳ ಶಾಲೆಯ ಹುಡುಗಿಯರು ತುಂಬಿದ್ದರು. ಅವಳ ಗಂಡ ನನ್ನನ್ನು ಪಕ್ಕಕ್ಕೆ ಕರೆದು, "ನೀವು ಬಂದೋದ ಮೇಲೆ ದಿನಾ ಚೆನ್ನಾಗಿ ನಿದ್ದೆ ಮಾಡಿದ್ಲು. ಏನ್ ಹೇಳಿದ್ರೋ ಏನೋ" ಎಂದರು. ಹಳೇ ಮಾತು ಎಂದೆ.

ಅವಳ ಪ್ರಶ್ನೆ ಈಗ ನನ್ನ ಹತ್ತಿರ ಬಂದು ಉಳಿದಿದೆ. ಅಂಗನವಾಡಿ ಬಾಗಿಲು ಹಾಕಿ ಮನೆಗೆ ಬಂದು ಒಲೆಯ ಮುಂದೆ ಕೂತಾಗ, ಬೇಲೂರಿನ ಆ ಬೆಳಿಗ್ಗೆ ನನ್ನ ತುಟಿ ಹೇಗೆ ಮುಚ್ಚಿತ್ತು ಎನ್ನುವುದು ಈಗಲೂ ನೆನಪಾಗುತ್ತದೆ. ಸರೋಜಳಿಗೆ ಮೂರೂ ನಾನೇ ಎಂದು ಹೇಳಲು ನಾನಿದ್ದೆ. ನನಗೆ ಹೇಳುವವರು ಯಾರೂ ಇಲ್ಲ.